ಕನಿಕರದ ಮೂಲಾರ್ಥ

ಯಾವ ಶಬ್ದವನ್ನಾದರೂ ಬಿಚ್ಚಿ, ಒರೆಸಿ, ಮತ್ತೆ ಜೋಡಿಸಬಲ್ಲೆ ಎಂಬ ಧೈರ್ಯ ನನಗೊಮ್ಮೆ ಬಂದಿತ್ತು. ಆಗ ನಾನು ನಾಶಿಕದ ಹತ್ತಿರ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್. ವಿಮಾನವನ್ನೇ ಬಿಚ್ಚುವವನಿಗೆ ಬೈಬಲ್ಲಿನ ಒಂದು ಶಬ್ದ ಯಾವ ಮಹಾ!

ಕಾಲನಿಯ ಕನ್ನಡ ಕ್ರೈಸ್ತರು ರವಿವಾರ ಸಂಜೆ ಒಬ್ಬರ ಮನೆಯಲ್ಲಿ ಪ್ರಾರ್ಥನೆಗೆ ಸೇರುತ್ತಿದ್ದೆವು. ಆ ಸಲ ವಚನ ವಿವರಿಸುವ ಸರದಿ ನನ್ನದು. ಯೇಸು ಜನರನ್ನು ಕಂಡು ‘ಕನಿಕರಪಟ್ಟನು’ ಎಂಬಲ್ಲಿ ಕಣ್ಣು ನಿಂತಿತು. ಮೂಲ ಗ್ರೀಕಿನಲ್ಲಿ ಏನಿರಬಹುದು? ನಾಶಿಕಕ್ಕೆ ಬಸ್ಸಿನಲ್ಲಿ ಹೋಗಿ, ನಿವೃತ್ತ ಪಾದ್ರಿಯೊಬ್ಬರಿಂದ ಇಟ್ಟಿಗೆಯಷ್ಟು ದಪ್ಪದ ನಿಘಂಟು ಹೊತ್ತು ತಂದೆ. ಸಿಕ್ಕೇಬಿಟ್ಟಿತು: ‘ಸ್ಪ್ಲಾಂಖ್ನಿಜೊಮಾಯ್’!

ಅಷ್ಟರಲ್ಲಿ ಹೆಂಡತಿ ಶಾಂತಾ ಒಂದು ನೀಲಿ ಇನ್‌ಲ್ಯಾಂಡ್ ಕಾಗದ ಹಿಡಿದು ಬಂದಳು.

“ಗದಗದಿಂದ ಅವ್ವನ ಕಾಗದ ಬಂದೈತ್ರಿ. ಆರಾಮಿಲ್ಲಂತ. ರಜಾ ಹಾಕ್ರಿ, ನೋಡಿ ಬರೂಣು.”

“ರವಿವಾರ ಮುಗೀಲಿ, ಶಾಂತಾ.”

“ಒಮ್ಮೆ ಓದಾದ್ರೂ ಓದ್ರಿ!”

“ಓದ್ತೀನಿ” ಎಂದೆ. ಓದಲಿಲ್ಲ. ಪುಟ ತಪ್ಪಬಾರದೆಂದು ಕಾಗದವನ್ನು ನಿಘಂಟಿನಲ್ಲಿ ಸಿಕ್ಕಿಸಿದೆ.

ಮುಂದಿನ ಐದು ದಿನ ಉಚ್ಚಾರಣೆಯ ತಾಲೀಮು. ಪಕ್ಕದ ಮನೆಯ ಮರಾಠಿ ಬಾಯಿ ಶುಂಠಿ ಕಷಾಯ ತಂದುಕೊಟ್ಟು, “ಖೋಕಲಾ ಫಾರ್ ವಾಢಲಾ ಕಾ, ಭಾಊ?” ಎಂದು ಕೇಳಿದರು. ನನ್ನ ಗ್ರೀಕು ಅವರಿಗೆ ಕೆಮ್ಮಾಗಿ ಕೇಳಿಸಿತ್ತು! ಶಾಂತಾ ದಿನಾ ಬೆಳಿಗ್ಗೆ ಡಬ್ಬಿ ಕೊಡುವಾಗ “ರಜಾ?” ಎನ್ನುತ್ತಿದ್ದಳು. ಶುಕ್ರವಾರದಿಂದ ಅದನ್ನೂ ಬಿಟ್ಟಳು. ನನ್ನ ಕೆಲಸದ ಮಹತ್ವ ಅವಳಿಗೆ ಅರ್ಥವಾಯಿತೆಂದುಕೊಂಡು ನಾನು ಸಂತೋಷಪಟ್ಟೆ.

ರವಿವಾರ ಬಂತು. ನಾನು ಗಂಟಲು ಸರಿಮಾಡಿಕೊಂಡು ಘೋಷಿಸಿದೆ: “ಪ್ರಿಯರೇ, ಈ ಶಬ್ದದ ಮೂಲ, ಕರುಳು! ಇಂಥ ಆಳ ನಮ್ಮ ಬಡ ಕನ್ನಡದಲ್ಲಿ ಎಲ್ಲಿಂದ ಬರಬೇಕು!”

ಮುಂದೆ ಕುಳಿತಿದ್ದ ಬಾಗಲಕೋಟೆಯ ಮುದುಕಿ ಮಾರ್ಥಮ್ಮ ತಲೆಯೆತ್ತಿದರು. “ಅಯ್ಯ, ಕರುಳು ಚುರ್ ಅಂತು ಅಂತ ನಾವು ದಿನಾ ಅಂತೀವಲ್ಲೋ ತಮ್ಮಾ! ಇದಕ್ಕ ನಾಶಿಕಕ್ಕ ಹೋಗಿದ್ದೇನು?”

ಕೋಣೆಯೆಲ್ಲ ನಗು. ಮಾನ ಉಳಿಸಿಕೊಳ್ಳಲು ನಿಘಂಟನ್ನೇ ತೆರೆದು ಎತ್ತಿ ಹಿಡಿದೆ. ನೀಲಿ ಕಾಗದ ಜಾರಿ ಬಿತ್ತು. ಮನೆಯ ಯಜಮಾನ ದೇವಪ್ಪನವರು ಅದು ನನ್ನ ಟಿಪ್ಪಣಿಯೆಂದು ತಿಳಿದು ಎತ್ತಿಕೊಂಡು ಗಟ್ಟಿಯಾಗಿ ಓದಿಯೇಬಿಟ್ಟರು:

“ಶಾಂತಾ, ನಾ ಇನ್ನ ಭಾಳ ದಿನ ಇರಂಗಿಲ್ಲ. ನಿನ್ನ ನೋಡಬೇಕಂತ ಕರುಳು ಕಿತ್ತು ಬರಾಕತ್ತೈತಿ...”

ದೇವಪ್ಪನವರು ನಿಲ್ಲಿಸಿದರು. ಯಾರೂ ನಗಲಿಲ್ಲ. ಶಾಂತಾ ಸೆರಗಿನಿಂದ ಮುಖ ಮುಚ್ಚಿಕೊಂಡಳು. ನಾನು ಹುಡುಕಿದ ಶಬ್ದ ಆರು ದಿನದಿಂದ ಅದೇ ಪುಟದಲ್ಲಿತ್ತು, ಕನ್ನಡದಲ್ಲಿ, ಅತ್ತೆಯ ಸೊಟ್ಟ ಅಕ್ಷರದಲ್ಲಿ. ನಾಚಿಕೆಯಿಂದ ನೆಲ ಬಾಯಿ ಬಿಡಬಾರದೇ ಎನಿಸಿತು. ಸಿಮೆಂಟಿನ ನೆಲ, ಬಿಡಲಿಲ್ಲ.

ಮರುದಿನವೇ ಮನಮಾಡದಲ್ಲಿ ರೈಲು ಹತ್ತಿದೆವು. ಗದಗ ತಲುಪಿದಾಗ ಅತ್ತೆಗೆ ಜೀವವಿತ್ತು, ಮಾತು ಹೋಗಿತ್ತು. ಹಿಂದಿನ ದಿನವಷ್ಟೇ ಹೋಯಿತಂತೆ. ಮಗಳ ಕೆನ್ನೆ ಸವರಿದರು. ಅದೇ ಕೈ ನನ್ನ ಕೆನ್ನೆಗೂ ಬಂತು. ನಾನು ತಲೆ ತಗ್ಗಿಸಿದೆ.

ಶಾಂತಾಳ ಅಣ್ಣ ಹೊರಗೆ ಕರೆದು ಕೇಳಿದ: “ನಿನ್ನೀತನಕ ಅವ್ವ ನಿಮ್ಮನ್ನ ಕೇಳಾಕತ್ತಿದ್ಳು. ಇಷ್ಟು ತಡ ಯಾಕ ಮಾಡಿದ್ರಿ?”

ಗ್ರೀಕನ್ನು ತಡವರಿಸದೆ ಉಚ್ಚರಿಸುವ ನಾನು ಬಾಯಿ ತೆರೆಯುವುದರೊಳಗೆ, ನಮ್ಮ ಹಿಂದೆಯೇ ಹೊರಗೆ ಬಂದಿದ್ದ ಶಾಂತಾಳೇ ಹೇಳಿದಳು:

“ಇವ್ರು ಕನಿಕರ ಅಂದ್ರ ಏನಂತ ಹುಡುಕಾಕತ್ತಿದ್ರು.”