ಬಿಡುಗಡೆಯಿಲ್ಲದ ಪುಸ್ತಕಗಳು

ಪಾಳಿ ಮುಗಿಯುವ ಮೊದಲು ಬೀಗಗಳಿಗೆ ಎಣ್ಣೆ ಬಿಡುವುದು ಜೈಲಿನ ರಾತ್ರಿ ಕಾವಲಿನವನ ಕೊನೆಯ ಕೆಲಸ. ಕೋಳಿ ಗರಿಯನ್ನು ಎಣ್ಣೆಯಲ್ಲಿ ಅದ್ದಬೇಕು, ಬೀಗದ ತೂತಿಗೆ ಒಂದು ತೊಟ್ಟು ಬಿಡಬೇಕು, ಕೀಲಿ ಒಮ್ಮೆ ತಿರುಗಿಸಿ ಮುಂದಿನದಕ್ಕೆ ಹೋಗಬೇಕು. ಒಳಗಿನವರು ಇನ್ನೂ ಮಲಗಿರುತ್ತಾರೆ. ಹಾಗಾಗಿ ಮಾತಿಲ್ಲ, ಬೂಟಿನ ಸದ್ದೂ ಇಲ್ಲ. ಆಕಳಿಕೆ ಎಂಬ ಕಾವಲಿನವನು ಈ ಕೆಲಸವನ್ನೂ ಮಾಡುತ್ತಿದ್ದ, ನಡುನಡುವೆ ಆಕಳಿಸುತ್ತಲೂ ಇದ್ದ.

ಹೆತ್ತವರು ಇಟ್ಟ ಹೆಸರು ಹಾಜರಿ ಕೂಗುವಾಗ ಮಾತ್ರ ಕೇಳಿಸುತ್ತಿತ್ತು. ಉಳಿದಂತೆ ಜೈಲಿನಲ್ಲೂ ಬೀದಿಯಲ್ಲೂ ಅವನು ಆಕಳಿಕೆಯೇ. ವರ್ಷಗಳಿಂದ ಅವನಿಗೆ ರಾತ್ರಿ ಪಾಳಿ. ಹಗಲು ಮನೆಗೆ ಹೋಗಿ ಮಲಗೋಣವೆಂದರೆ ಕಿಟಕಿಯ ಕೆಳಗೇ ತಗಡಿನವನ ಅಂಗಡಿ. ಇವನ ತಲೆ ದಿಂಬಿಗೆ ತಾಗುವುದಕ್ಕೂ ಅವನ ಸುತ್ತಿಗೆ ಡಬ್ಬಕ್ಕೆ ತಾಗುವುದಕ್ಕೂ ಯಾವ ಜನ್ಮದ ನಂಟೋ, ಎರಡೂ ಒಂದೇ ಗಳಿಗೆಗೆ ಆಗುತ್ತಿದ್ದವು.

ಕೊನೆಯ ಬೀಗದ ಹತ್ತಿರ ಸೂಪರಿಂಟೆಂಡೆಂಟ್ ಸಾಹೇಬರು ನಿಂತಿದ್ದರು. ಅವರ ಮುಂದೆ ಒಂದು ಕಬ್ಬಿಣದ ಬೀರು. ಮೇಲಿನ ಕಚೇರಿಯಿಂದ ಬಂದದ್ದು. ಬಾಗಿಲ ಮೇಲೆ ದಪ್ಪ ಅಕ್ಷರದಲ್ಲಿ ‘ಗ್ರಂಥಾಲಯ’ ಎಂದು ಬರೆದಿತ್ತು. ಬೀರು ಬಂತೇ ಹೊರತು ಪುಸ್ತಕ ಬರಲಿಲ್ಲ. ಕೂಸು ಹುಟ್ಟುವ ಮುನ್ನ ಕುಲಾವಿ! ಕುಲಾವಿಯೊಳಗೆ ಸದ್ಯಕ್ಕೆ ಪೊರಕೆ, ಫಿನಾಯಿಲು, ಒಂದು ಒಡೆದ ಬಕೆಟ್ಟು.

“ಏನಯ್ಯಾ, ಸಂಜೆ ದೊಡ್ಡ ಸಾಹೇಬರು ಬರ್ತಾರೆ. ಗ್ರಂಥಾಲಯ ನೋಡ್ಬೇಕಂತೆ. ಏನು ತೋರಿಸ್ಲಿ? ಪೊರಕೇನಾ? ಕೈಯಲ್ಲಿ ಕಾಸಿಲ್ಲ. ಪುಸ್ತಕ ಯಾರು ತಂದುಕೊಡ್ತಾರೆ, ಹೇಳು?”

ಆಗಲೇ ಆಕಳಿಕೆಗೆ ಆಕಳಿಕೆ ಬಂತು. ಸಾಹೇಬರ ಮುಂದೆ ಬಾಯಿ ತೆರೆಯಬಾರದೆಂದು ಅವನು ಅರ್ಧಕ್ಕೇ ತಡೆದು, ಕೈ ಎತ್ತಿ ಬಾಯಿಗೆ ಅಡ್ಡ ಹಿಡಿಯಹೋದ.

ಸಾಹೇಬರಿಗೆ ಕಂಡದ್ದು ಎತ್ತಿದ ಕೈ ಮಾತ್ರ. “ಭೇಷ್! ಕೇಳಿದ್ದೇ ತಡ ಕೈ ಎತ್ತಿದ್ಯಲ್ಲಯ್ಯ! ಸಂಜೆಯೊಳಗೆ ಬೀರು ತುಂಬಿಸು. ನಾಳೆಯಿಂದ ನಿಂಗೆ ಹಗಲು ಪಾಳಿ.”

ಹಗಲು ಪಾಳಿ! ಎಂದರೆ ರಾತ್ರಿ ನಿದ್ದೆ. ತಗಡಿನವನೂ ಮಲಗಿರುವ, ನಾಯಿಯೂ ಮಲಗಿರುವ ರಾತ್ರಿ. ಆಕಳಿಕೆಗೆ ಕುರುಡನಿಗೆ ಕಣ್ಣು ಬಂದಷ್ಟು ಸಂತೋಷವಾಯಿತು.

ಮೊದಲು ರದ್ದಿ ಅಂಗಡಿಗೆ ಹೋದ. ಪುಕ್ಕಟೆ ಎಂದ ಕೂಡಲೇ ಅಂಗಡಿಯವನು ಹಳೆಯ ರೈಲು ವೇಳಾಪಟ್ಟಿಗಳ ಕಟ್ಟೊಂದನ್ನು ಮುಂದಿಟ್ಟ.

“ಬೇಡಪ್ಪ. ಒಳಗಿರೋರಿಗೆ ರೈಲಿನ ಟೈಮು ಹೇಳಿಕೊಟ್ರೆ ನನ್ನ ಕೆಲ್ಸ ಹೋಗತ್ತೆ,” ಎಂದು ಆಕಳಿಕೆ ಕೈಮುಗಿದು ಮನೆಗೆ ಬಂದ.

ಹೆಂಡತಿ ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಹರಿದ ವಾರಪತ್ರಿಕೆ ಹಿಡಿದು ಒಲೆಯ ಮುಂದೆ ನಿಂತಿದ್ದಳು. ಓದುವ ಚಟ ಅವಳದು. ಪೊಟ್ಟಣ ಕಟ್ಟಿದ ಕಾಗದವನ್ನೂ ಬಿಡಿಸಿ ಓದುವವಳು.

ವಿಷಯ ಕೇಳಿದ್ದೇ “ನನ್ನ ಪುಸ್ತಕಕ್ಕೆ ಕೈ ಹಾಕಿದ್ರೆ ನೋಡಿ ಮತ್ತೆ!” ಎಂದಳು. ಆಮೇಲೆ ಏನೋ ನೆನಪಾಗಿ ಮುಖ ಅರಳಿತು. “ಮಂಚದ ಕೆಳಗೊಂದು ಚೀಲ ಇದೆ, ತಗೊಂಡೋಗಿ. ದಪ್ಪ ದಪ್ಪ ಕಾದಂಬರಿ. ದಾನ ಅಂದ್ರೆ ಕೈ ಬಿಚ್ಚಿ ಮಾಡ್ಬೇಕು ಕಣ್ರೀ.”

ಎದುರು ಮನೆಯ ನಿವೃತ್ತ ಮೇಷ್ಟ್ರು ಇನ್ನೂ ಧಾರಾಳಿ. “ವಿದ್ಯಾದಾನ ಕಣಯ್ಯಾ, ಇದಕ್ಕಿಂತ ದೊಡ್ಡದು ಯಾವ್ದಿದೆ!” ಎನ್ನುತ್ತ ಗಾಜಿನ ಕಪಾಟನ್ನು ಬೆನ್ನಿನಿಂದ ಮರೆಮಾಡಿ ನಿಂತು, ಅಟ್ಟದ ಮೇಲಿದ್ದ ಗಂಟನ್ನು ಕೋಲಿನಿಂದ ಕೆಡವಿದರು. ಮನೆಮದ್ದು, ಪ್ರವಾಸ, ಹಕ್ಕಿಗಳ ಚಿತ್ರದ ಪುಸ್ತಕಗಳು ಆಕಳಿಕೆಯ ತಲೆಯ ಮೇಲೆ ಬಿದ್ದವು. “ಎಲ್ಲಾ ತಗೋ. ಎಣಿಸಿ ಕೊಡೋದು ದಾನ ಅಲ್ಲ.”

ಬೀದಿಯ ತುದಿಯ ದವಾಖಾನೆಯಲ್ಲಿ ಕಾಂಪೌಂಡರ್ ಔಷಧಿ ಬಾಟಲಿ ಕುಲುಕುತ್ತಿದ್ದ. ಬೆಂಚಿನ ಮೇಲೆ ಕಾಯುವವರಿಗೆಂದು ಇಟ್ಟಿದ್ದ ಪತ್ತೇದಾರಿ ಪುಸ್ತಕಗಳನ್ನೆಲ್ಲ ಬಾಚಿ ಕೊಟ್ಟ. “ಒಯ್ಯಿರಿ ಅಣ್ಣಾ. ಇದನ್ನ ಓದ್ತಾ ಕೂತು ಜನ ನೋವೆಲ್ಲಿ ಅನ್ನೋದೇ ಮರೀತಾರೆ. ನಮ್ಮ ಡಾಕ್ಟ್ರು ಉಪವಾಸ ಬೀಳ್ತಾರೆ.”

ಮೂರೂ ಕಡೆ ಒಂದು ಸಂಗತಿ ನಡೆದಿತ್ತು. ನಿದ್ದೆಗಣ್ಣಿನ ಆಕಳಿಕೆಗೆ ಅದು ಕಾಣಲಿಲ್ಲ. ತಮ್ಮ ಪುಸ್ತಕ ಕೊಡುವವರು ಕೊಡುವ ಮುಂಚೆ ಒಮ್ಮೆ ಧೂಳು ಒರೆಸುತ್ತಾರೆ, ಒಂದು ಪುಟವಾದರೂ ತಿರುವುತ್ತಾರೆ. ಇಲ್ಲಿ ಯಾರೂ ಹಾಗೆ ಮಾಡಲಿಲ್ಲ.

ತಗಡಿನವನು ತನ್ನ ತಳ್ಳುಗಾಡಿಯನ್ನೇ ತಂದು ನಿಲ್ಲಿಸಿದ. “ನಂಗೆ ಓದೋಕ್ಕೆ ಬರಲ್ಲ ಅಣ್ಣಾ, ಮನೇಲಿ ಪುಸ್ತಕಾನೂ ಇಲ್ಲ. ತಳ್ಳಿಕೊಡ್ತೀನಿ. ನಿಮ್ಮ ನಿದ್ದೆ ಕೆಡಿಸಿದ ಪಾಪ ಅಷ್ಟಾದ್ರೂ ತೀರ್ಲಿ.”

ಜೈಲಿನ ಬಾಗಿಲಲ್ಲಿ ಒಂದು ನಿಯಮ. ಒಳಗೆ ಬರುವ ಸರ್ಕಾರಿ ವಸ್ತುವಿಗೆ ಗುಂಡು ಮೊಹರು ಬೀಳಬೇಕು. ಮೊಹರು ಬಿದ್ದದ್ದು, ಸೂಜಿಯೇ ಆಗಲಿ, ಮೇಲಿನ ಆದೇಶವಿಲ್ಲದೆ ಹೊರಗೆ ಹೋಗಬಾರದು. ಆಕಳಿಕೆ ಹಗಲು ಪಾಳಿಯ ಹುರುಪಿನಲ್ಲಿ ಮೊದಲ ಪುಟಕ್ಕೆ ಒಂದು, ನಡುವೆ ಒಂದು, ಕೊನೆಗೆ ಒಂದು ಎಂದು ಗುದ್ದಿದ. ರಕ್ಷಾಪುಟದ ಪತ್ತೇದಾರನ ಹಣೆಗೂ ಒಂದು ಬಿತ್ತು. ಪೊರಕೆಗಳು ಹೊರಬಂದವು, ಪುಸ್ತಕಗಳು ಒಳಗೆ ಹೋದವು, ಬೀರು ಹೊಟ್ಟೆ ತುಂಬಿದ ಎಮ್ಮೆಯಂತೆ ನಿಂತಿತು. ಕಿಟಕಿ ಎಂಬ ಕೈದಿ ಮೊದಲ ಪುಸ್ತಕ ಎತ್ತಿಕೊಂಡು ಭೇಟಿ ಕೋಣೆಯ ಮೂಲೆ ಸೇರಿದ. ಯಾರ ಮನೆಗೂ ಬಾಗಿಲಿನಿಂದ ಹೋಗಿ ಗೊತ್ತಿಲ್ಲದ್ದರಿಂದ ಅವನಿಗೆ ಆ ಹೆಸರು.

ಆಕಳಿಕೆ ಸ್ಟೂಲಿನ ಮೇಲೆ ಕೂತು ಕಣ್ಣು ಮುಚ್ಚಿದನೋ ಇಲ್ಲವೋ, ಹೊರಗೆ ಗದ್ದಲ. ಬಾಗಿಲ ಕಿಂಡಿ ತೆರೆದು ನೋಡಿದರೆ ಸ್ವಂತ ಹೆಂಡತಿ! ಪಕ್ಕದಲ್ಲಿ ಮೇಷ್ಟ್ರು, ಕಾಂಪೌಂಡರ್. ಹಿಂದೆ, ತಮಾಷೆ ನೋಡಲು, ತಗಡಿನವನು. ಬೀದಿಯಲ್ಲಿ ತಳ್ಳುಗಾಡಿ ಹೋಗುವಾಗ ಒಬ್ಬೊಬ್ಬರೂ ಅದರ ಮೇಲೆ ತಮ್ಮ ಪುಸ್ತಕ ಗುರುತಿಸಿದ್ದರು.

“ನನ್ನ ಕಾದಂಬರಿ ಕೊಡಯ್ಯಾ!” ಮೇಷ್ಟ್ರು ಕೋಲು ಕುಟ್ಟಿದರು. “ನಿನ್ನ ಹೆಂಡ್ತಿ ಓದಿ ಕೊಡ್ತೀನಿ ಅಂತ ತಗೊಂಡೋಗಿ, ನನ್ನನ್ನ ಕೇಳ್ದೇ ದಾನ ಮಾಡಿದಾಳೆ!”

“ಮೇಷ್ಟ್ರೇ, ನನ್ನ ಹಕ್ಕಿ ಪುಸ್ತಕ ದಾನ ಮಾಡುವಾಗ ನೀವು ನನ್ನ ಕೇಳಿದ್ರಾ?” ಎಂದ ಕಾಂಪೌಂಡರ್.

“ನೀನೇನು ಕಮ್ಮಿಯೇನಪ್ಪಾ? ನಾನು ನಿಂಗೆ ಓದೋಕ್ಕೆ ಕೊಟ್ಟ ಪತ್ತೇದಾರಿ ತಂದು ಬೆಂಚಿನ ಮೇಲೆ ಹಾಕಿದ್ಯಲ್ಲ, ಕೆಮ್ಮೋರ ಕೈಗೆ! ಈಗ ಜೈಲಿಗೇ ಕಳಿಸಿದೀಯ!” ಎಂದವಳು ಆಕಳಿಕೆಯ ಹೆಂಡತಿ. ಆಮೇಲೆ ಕಿಂಡಿಯೊಳಗೆ ಮೂಗು ತೂರಿಸಿದಳು. “ರೀ, ಕೊಲೆ ಯಾರು ಮಾಡಿದ್ದು ಅಂತ ನಂಗಿನ್ನೂ ಗೊತ್ತಾಗಿಲ್ಲ. ಕೊಡ್ರಿ ಈಚೆಗೆ!”

“ಮೊಹರು ಬಿದ್ದಿದೆ ಕಣೇ. ಬಿಡುಗಡೆಗೆ ಮೇಲಿನ ಆದೇಶ ಬೇಕು.”

“ಅದೇನು ಅಪರಾಧ ಮಾಡಿದೆ ಅಂತ ಒಳಗೆ ಹಾಕಿದೀರ?”

ಅಷ್ಟರಲ್ಲಿ ಬೀದಿಯ ತಿರುವಿನಲ್ಲಿ ದೊಡ್ಡ ಸಾಹೇಬರ ಜೀಪು. ಸೂಪರಿಂಟೆಂಡೆಂಟರ ಮುಖ ಹಿಂಡಿದ ಬಟ್ಟೆಯಂತಾಯಿತು. “ಈ ಸಂತೇನ ಮೊದ್ಲು ಒಳಗೆ ಕೂರಿಸಯ್ಯಾ!” ಎಂದು ನಾಲ್ವರನ್ನೂ ಭೇಟಿ ಕೋಣೆಗೆ ತಳ್ಳಿಸಿದರು. ಕೋಣೆಯ ನಡುವೆ ತಂತಿಯ ಜಾಲರಿ. ಈಚೆ ನೆಂಟರು, ಆಚೆ ಕೈದಿಗಳು ಕೂರುವ ಜಾಗ. ಆಚೆಯ ಮೂಲೆಯಲ್ಲಿ ಕಿಟಕಿ ಪುಸ್ತಕದಲ್ಲಿ ಮುಳುಗಿದ್ದ. ರಕ್ಷಾಪುಟ ನೋಡಿದ್ದೇ ಹೆಂಡತಿ ಜಾಲರಿಗೆ ಹಣೆಯಿಟ್ಟಳು.

“ಏಯ್, ಅದು ನಂದು! ಎಲ್ಲಿವರೆಗೆ ಬಂತು?”

“ಬಾವೀಲಿ ಹೆಣ ಸಿಕ್ತು ಅತ್ತಿಗೆ.”

“ಅದು ನಂಗೊತ್ತು. ಮುಂದೆ ಓದು, ಗಟ್ಟಿಯಾಗಿ!”

ಕಿಟಕಿ ಓದಿದ. ಎಡವಿ ಎಡವಿ ಓದಿದರೂ ಕಳ್ಳ ಗೋಡೆ ಹಾರುವ ಕಡೆ ಮಾತ್ರ ದನಿ ತುಂಬಿ ಓದಿದ. “ಇದು ಸುಳ್ಳು ಅತ್ತಿಗೆ, ಹಿಂಗೆ ಹಾರಿದ್ರೆ ಕಾಲು ಮುರಿಯತ್ತೆ,” ಎಂದು ತಿದ್ದಿದ ಕೂಡ. ಇದನ್ನು ಕಂಡ ಮೇಷ್ಟ್ರು ಇನ್ನೊಬ್ಬ ಕೈದಿಯ ಕೈಯಲ್ಲಿ ತಮ್ಮ ಕಾದಂಬರಿ ತರಿಸಿ ಓದಿಸಿದರು. ಕಾಂಪೌಂಡರ್ ಮತ್ತೊಬ್ಬನಿಂದ ಹಕ್ಕಿಗಳ ಚಿತ್ರವನ್ನು ಜಾಲರಿಗೆ ಒತ್ತಿ ಹಿಡಿಸಿದ. ತಗಡಿನವನು ಎರಡೂ ಕತೆಗಳನ್ನು ಒಟ್ಟಿಗೇ ಕೇಳುತ್ತ ಬಾಯಿ ಬಿಟ್ಟು ಕೂತ.

ದೊಡ್ಡ ಸಾಹೇಬರು ಒಳಗೆ ಕಾಲಿಟ್ಟದ್ದು ಆಗ. ನೋಡಿದರು. ಕನ್ನಡಕ ಒರೆಸಿ ಮತ್ತೆ ನೋಡಿದರು.

“ಯಾರಿವರೆಲ್ಲ?”

“ಓ... ಓದುಗರು ಸಾರ್,” ಎಂದರು ಸೂಪರಿಂಟೆಂಡೆಂಟ್, ಬೆವರು ಒರೆಸುತ್ತ.

“ಎಲ್ಲಾ ಕಡೆ ಜನ ಜೈಲು ಅಂದ್ರೆ ದೂರ ಓಡ್ತಾರೆ. ಇಲ್ಲಿ ಪುಸ್ತಕ ಕೇಳೋಕ್ಕೆ ಒಳಗೆ ಬರ್ತಿದಾರೆ! ಓದು ಕಲಿಯೋಕ್ಕೆ ಇದಕ್ಕಿಂತ ಬೇಕಾ? ದಿನಾ ನಡೀಬೇಕು ಇದು. ಪುಸ್ತಕ ತಂದವನು ಯಾರು?”

ಆಕಳಿಕೆಯನ್ನು ಮುಂದೆ ತಳ್ಳಿದರು. ಅವನ ಎದೆ ಉಬ್ಬಿತು. ಈಗ ಬರುತ್ತದೆ, ಹಗಲು ಪಾಳಿ ಈಗ ಬರುತ್ತದೆ.

“ಇವನಿಗೆ ನಾಳೆಯಿಂದ ಹಗಲು ಪಾಳಿ ಹಾಕಿದೀನಿ ಸಾರ್,” ಎಂದರು ಸೂಪರಿಂಟೆಂಡೆಂಟ್, ಕೊಟ್ಟ ಮಾತಿಗೆ ತಪ್ಪದೆ.

“ಅಯ್ಯೋ, ಬೇಡಿ ಸಾರ್!” ಎಂದಳು ಆಕಳಿಕೆಯ ಹೆಂಡತಿ, ಜಾಲರಿಯಿಂದ ಹಣೆ ತೆಗೆಯದೆ. “ಹಗಲು ನಮಗೆಲ್ಲ ಕೆಲಸ ಇರತ್ತೆ. ಸಂಜೆ ತಾನೇ ಬರೋಕ್ಕಾಗೋದು? ಇವರು ಹಗಲು ಪಾಳಿ ಮುಗಿಸಿ ಮನೇಲಿ ಮಲಗಿದ್ರೆ ಸಂಜೆ ಬೀರು ತೆಗೆಯೋರು ಯಾರು?”

ದೊಡ್ಡ ಸಾಹೇಬರು ತಲೆದೂಗಿದರು. “ಸರಿಯಾದ ಮಾತು. ಇವನು ರಾತ್ರಿ ಪಾಳೀಲೇ ಇರಲಿ. ಸಂಜೇನೇ ಬಂದು ಇದನ್ನ ನಡೆಸಿ ಆಮೇಲೆ ಕಾವಲಿಗೆ ಹೋಗ್ಲಿ. ಇವನನ್ನ ಬದಲಾಯಿಸ್ಕೂಡ್ದು.”

ಜೀಪು ಹೋಯಿತು. ತಗಡಿನವನು ಆಕಳಿಕೆಯ ಕೈ ಹಿಡಿದುಕೊಂಡ, ಕಣ್ಣಲ್ಲಿ ನೀರು. “ಎಂಥಾ ಕತೆ ಅಣ್ಣಾ! ಇನ್ಮೇಲೆ ಸಂಜೆ ಕೆಲ್ಸಾನೂ ಹಗಲಲ್ಲೇ ಬಡಿದು ಮುಗಿಸ್ತೀನಿ. ದಿನಾ ಬರ್ತೀನಿ.”

ಆಕಳಿಕೆ ಗೋಡೆಗೊರಗಿ ಸ್ಟೂಲಿನ ಮೇಲೆ ಕುಸಿದ. ಕಾವಲಿಗೆ ಇನ್ನೂ ಸ್ವಲ್ಪ ಹೊತ್ತಿತ್ತು. ಒಂದು ಕೋಳಿನಿದ್ದೆಯಾದರೂ ತೆಗೆಯಬಹುದು. ಕಿಟಕಿ ಕೊಲೆಗಾರನ ಬೆನ್ನು ಹತ್ತಿದ್ದ, ಮೇಷ್ಟ್ರು ಕೈದಿಯ ಉಚ್ಚಾರ ತಿದ್ದಿ ಗದರುತ್ತಿದ್ದರು, ಕಾಂಪೌಂಡರ್ ಹಕ್ಕಿಗಳ ಹಾಗೆ ಕೂಗಿ ತೋರಿಸುತ್ತಿದ್ದ, ಹೆಂಡತಿ “ಆಮೇಲೆ? ಆಮೇಲೆ?” ಎನ್ನುತ್ತಿದ್ದಳು.

“ಸ್ವಲ್ಪ ಮೆಲ್ಲಗೆ ಓದ್ರಪ್ಪಾ,” ಎಂದ ಆಕಳಿಕೆ.

“ಇನ್ನೂ ಗಟ್ಟಿಯಾಗಿ!” ಎಂದಳು ಹೆಂಡತಿ, ಕಿಟಕಿಗೆ.