ಎರಡು ಇಂಚು ಜಾಸ್ತಿ

ಹೊಟ್ಟೆಕಿಚ್ಚು ಪಡುವವನ ಪಕ್ಕದಲ್ಲೇ ದೇವರು ಒಬ್ಬ ಅದೃಷ್ಟವಂತನನ್ನು ಕೂರಿಸಿರುತ್ತಾನೆ. ನನ್ನ ಪಾಲಿನವನು ಕೂತದ್ದು ಕೊಟ್ಟೂರಿನ ನನ್ನ ಟೈಲರ್ ಅಂಗಡಿಯ ಎರಡನೇ ಮಷಿನ್ ಮುಂದೆ. ನನಗಿಂತ ನಾಲ್ಕು ವರ್ಷ ಚಿಕ್ಕವನು, ಬಾಯ್ತುಂಬ ಅಣ್ಣ ಅನ್ನುತ್ತಿದ್ದ. ಕತ್ತರಿ ಹಿಡಿಯುವುದನ್ನು ಕಲಿಸಿದವನು ನಾನೇ. ಅವನದು ಒಂದೇ ಐಬು, ಏನು ಹೊಲಿದರೂ ಎರಡು ಇಂಚು ಉದ್ದ. ತೊಂಬತ್ತರ ದಶಕದಲ್ಲಿ ಕುವೈತಿಗೆ ಟೈಲರುಗಳು ಬೇಕಂತೆ ಎಂಬ ಸುದ್ದಿ ಬಂದಾಗ ಇಬ್ಬರೂ ಅರ್ಜಿ ಹಾಕಲು ಹೊರಟೆವು. ಹೋಗಲೇಬೇಕೆಂಬ ಹಟ ಇದ್ದದ್ದು ನನಗೆ. ಅವನು ಅಣ್ಣ ಹೊರಟನಲ್ಲ ಎಂದು ಜೊತೆಗೆ ಬಂದವನು, ಅಷ್ಟೇ.

ಮದುಮಗನ ಕೋಟು

ಪಾಸ್‌ಪೋರ್ಟ್ ಫೋಟೊಕ್ಕೆ ಕೋಟು ಇದ್ದರೆ ಗೌರವ ಎಂದು ಯಾರೋ ಅಂದರು. ಪಕ್ಕದ ಅರಸೀಕೆರೆಯ ಮದುಮಗನೊಬ್ಬನ ಕೋಟು ಹೊಲಿದು ಗೂಟಕ್ಕೆ ತೂಗುಹಾಕಿದ್ದೆ. ಅದನ್ನೇ ಸ್ಟುಡಿಯೋಕ್ಕೆ ಒಯ್ದು ಒಬ್ಬರಾದ ಮೇಲೆ ಒಬ್ಬರು ತೊಟ್ಟೆವು. ನನ್ನ ಫೋಟೊದಲ್ಲಿ ಕಣ್ಣು ಅರ್ಧ ಮುಚ್ಚಿತ್ತು. ಅವನದು ಎಷ್ಟು ಚೆಂದ ಬಂತೆಂದರೆ ಸ್ಟುಡಿಯೋದವರು ದೊಡ್ಡದು ಮಾಡಿ ರಸ್ತೆಗೆ ಕಾಣುವ ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಉರಿ ತಾಳದೆ ನಾನು ಆ ರಸ್ತೆಯಲ್ಲಿ ಓಡಾಡುವುದನ್ನೇ ಬಿಟ್ಟೆ. ಆದರೆ ಮದುಮಗ ಓಡಾಡಿದ. ನೇರ ಅಂಗಡಿಗೆ ಬಂದು ನಿಂತ.

"ಮಾಸ್ತರ, ನನ್ನ ಕೋಟು ತೊಟ್ಕಂಡು ಗಾಜಿನ್ಯಾಗ ನಿಂತಾನಲ್ಲ, ಯಾರವ?"

ನಾನು ಖುಷಿಯಿಂದಲೇ ಎರಡನೇ ಮಷಿನ್ ಕಡೆ ಬೆರಳು ತೋರಿಸಿ ಬೈಗುಳಕ್ಕೆ ಕಾದೆ. ಮದುಮಗ ಅವನನ್ನು ಮೇಲಿಂದ ಕೆಳಗೆ ನೋಡಿ, "ನನಗೂ ಇಷ್ಟು ಒಪ್ಪಿದ್ರ ಸಾಕು ಬಿಡಪ. ಮದುವಿಗೆ ಬಾ" ಎಂದು ಕೋಟು ಹಿಡಿದು ಹೋದ. ಹೊಲಿದವನನ್ನು ಕರೆಯಲಿಲ್ಲ.

ಪೊಲೀಸ್ ವಿಚಾರಣೆ

ಪಾಸ್‌ಪೋರ್ಟ್ ಬರುವ ಮೊದಲು ಪೊಲೀಸರು ಬಂದು ನೆರೆಯವರನ್ನು ಕೇಳುತ್ತಾರೆ. ಅವನ ಬಗ್ಗೆ ಕೇಳಲು ಪೇದೆ ಬಂದದ್ದು ನನ್ನ ಹತ್ತಿರ. ನಿಜ ಹೇಳುತ್ತೇನೆ, ಒಂದು ಮಾತು ಕೆಡಿಸಿ ಹೇಳಿದರೆ ಸಾಕಲ್ಲ ಎಂದು ಮನಸ್ಸು ಕುಣಿಯಿತು.

"ಕುಡಿತಾನೇನು?"

"ಇಲ್ರಿ."

"ಇಸ್ಪೀಟು?"

"ಇಲ್ರಿ. ಆದ್ರ ಒಂದು ಕೆಟ್ಟ ಚಾಳಿ ಐತ್ರಿ."

ಪೇದೆ ಪೆನ್ನು ಹಿಡಿದು ಮುಂದಕ್ಕೆ ಬಾಗಿದರು.

"ಪ್ಯಾಂಟು ಉದ್ದ ಹೊಲಿತಾನ್ರಿ."

ಪೇದೆ ತಮ್ಮ ಖಾಕಿ ಪ್ಯಾಂಟಿನ ಮಡಚಿದ ತುದಿಯನ್ನು ನೋಡಿಕೊಂಡರು. "ಹಂಗಾರ ಇದನ್ನ ಹೊಲಿದಾತ ಇವನೇ ಅನ್ರಿ. ಹೊರದೇಶಕ್ಕ ಹೋಗ್ಲಿ, ಜಲ್ದಿ ಹೋಗ್ಲಿ" ಎಂದು ನನ್ನ ಸಹಿ ಹಾಕಿಸಿಕೊಂಡರು. ನನ್ನ ಪಾಸ್‌ಪೋರ್ಟೂ ಬಂತು, ಅವನದು ಬಂದ ಒಂದು ತಿಂಗಳಿಗೆ.

ಬೊಂಬಾಯಿ ಪರೀಕ್ಷೆ

ಹೊಸಪೇಟೆಯಿಂದ ರೈಲು ಹಿಡಿದು ಬೊಂಬಾಯಿಗೆ ಹೋದೆವು. ಕುವೈತಿನ ಟೈಲರ್ ಅಂಗಡಿ ಮಾಲಕನ ಕಡೆಯವರೊಬ್ಬರು ಇಬ್ಬರಿಗೂ ಬಿಳಿ ಬಟ್ಟೆ ಕೊಟ್ಟು, ಅಲ್ಲಿನ ಗಂಡಸರು ತೊಡುವ ನಿಲುವಂಗಿ ಹೊಲಿಯಲು ಹೇಳಿದರು. ನಮ್ಮೂರಲ್ಲಿ ಗಿರಾಕಿಯ ಬಟ್ಟೆ ಉಳಿಸಿ, ಉಳಿದ ತುಂಡಿನಲ್ಲಿ ಮಗುವಿಗೊಂದು ಚಡ್ಡಿ ತೆಗೆದುಕೊಡುವವನೇ ಒಳ್ಳೆಯ ಟೈಲರು. ನಾನೂ ಬಿಗಿಯಾಗಿ ಕತ್ತರಿಸಿ, ನಿಲುವಂಗಿಯ ಜೊತೆಗೊಂದು ಚಡ್ಡಿಯನ್ನೂ ಹೊಲಿದು ಹೆಮ್ಮೆಯಿಂದ ಮುಂದಿಟ್ಟೆ. ನಿಲುವಂಗಿ ಮೊಣಕಾಲಿಗೇ ನಿಂತಿತ್ತು. ಚಡ್ಡಿ ಯಾರಿಗೆ ಎಂದು ಅವರು ಹಿಂದಿಯಲ್ಲಿ ಕೇಳಿದರು. ನಿಮ್ಮ ಮಗನಿಗೆ ಎಂದೆ. ಅವರಿಗಿನ್ನೂ ಮದುವೆಯೇ ಆಗಿರಲಿಲ್ಲವಂತೆ.

ಅವನ ನಿಲುವಂಗಿ ಸರಿಯಾಗಿ ಹಿಮ್ಮಡಿ ಮುಟ್ಟಿತು. ಇಷ್ಟು ವರ್ಷ ನಾನು ಬೈದ ಎರಡು ಇಂಚಿಗೆ ಅಲ್ಲಿ ನೌಕರಿ ಸಿಕ್ಕಿತು.

ಕುವೈತಿನ ಪತ್ರ

ಅವನು ಹೋದ, ನಾನು ಊರಿಗೆ ಮರಳಿದೆ. ಖಾಲಿ ಮಷಿನ್ ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತಿತ್ತು. ಕೊನೆಗೊಂದು ದಿನ ಪತ್ರ ಬಂತು.

"ಅಣ್ಣ, ಮಾಲಕ ಮಕ್ಕಳ ಅರಿವಿ ಹೊಲಿಯಾಕ ಕುಂದ್ರಿಸ್ಯಾನ. ಮಕ್ಕಳ ಅಳತಿ ನನಗ ಬರಂಗಿಲ್ಲ. ಕಲೀಲಿಲ್ಲಂದ್ರ ವಾಪಸ್ ಕಳಿಸ್ತಾನಂತ. ಯಾವ ವಯಸ್ಸಿಗೆ ಎಷ್ಟಂತ ಬರೆದು ಕಳಿಸು."

ಬರೆದೆ. ಐದು ವರ್ಷದಿಂದ ಹನ್ನೆರಡರವರೆಗೆ ಒಂದೊಂದೂ ಬರೆದೆ. ಪ್ರತಿಯೊಂದಕ್ಕೂ ಎರಡು ಇಂಚು ಜಾಸ್ತಿ ಸೇರಿಸಿ ಬರೆದೆ. ವಾಪಸ್ ಬಂದರೆ ಬರಲಿ, ಮಷಿನ್ ಖಾಲಿ ಇದೆಯಲ್ಲ. ಅಂಚೆಡಬ್ಬಿಗೆ ಹಾಕಿ ಬಂದ ಮೇಲೆ ಹೆಂಡತಿಗೆ ಹೇಳಿದೆ. ಅವಳು ಎರಡು ದಿನ ನನಗೆ ಸಾರಿಲ್ಲದ ಅನ್ನ ಬಡಿಸಿದಳು.

ಉತ್ತರ ಬಂದಾಗ ಅವಳೇ ಒಡೆದು ಗಟ್ಟಿಯಾಗಿ ಓದಿದಳು. "ಅಣ್ಣ, ನಿನ್ನ ಅಳತಿ ಭಾಳ ಸರಿ ಬಂತು. ಇಲ್ಲಿ ಮಕ್ಕಳು ನಮ್ಮೂರ ಮಕ್ಕಳಿಗಿಂತ ಎತ್ತರ ಅದಾವ. ಅಲ್ಲೇ ಕುಂತು ನಿನಗ ಹೆಂಗ ಗೊತ್ತಾತು? ಮಾಲಕ ನನ್ನನ್ನ ಕಟಿಂಗ್ ಮಾಸ್ತರ ಮಾಡ್ಯಾನ."

ಹೆಂಡತಿ ಪತ್ರ ಮಡಚಿ ನನ್ನ ಮಷಿನ್ ಮೇಲಿಟ್ಟಳು. "ನಾಕು ಇಂಚು ಬರೀಬೇಕಿತ್ರಿ" ಅಂದಳು. "ಅವನೇ ಮಾಲಕ ಆಗಿಬಿಡ್ತಿದ್ದ."