ನಾನು ಹಿಂದಕ್ಕೆಸೆದ ಚೆಂಡು

ಒಳ್ಳೆಯ ನೆರೆಯವರು ಸಿಗುವುದು ಪೂರ್ವಜನ್ಮದ ಪುಣ್ಯ ಅನ್ನುತ್ತಾರೆ. ಹಾಗನ್ನುವವರು ಯಾರೂ ಟ್ಯುಲಿಪ್ ಹೂಗಳ ನಾಡಿನ ಈ ಆಲ್ಮೆರೆ ಊರಿನಲ್ಲಿ ವಿಮ್ ಅವರ ಪಕ್ಕದ ಮನೆಯಲ್ಲಿ ಇದ್ದವರಲ್ಲ. ವಿಮ್ ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಒಂಟಿ ಜೀವ. ನಾವು ಮನೆಯಲ್ಲಿಲ್ಲದಾಗ ನಮ್ಮ ಪಾರ್ಸೆಲ್ ತೆಗೆದಿಡುವ ಪುಣ್ಯಾತ್ಮ. ಅವರಲ್ಲಿರುವ ಒಂದೇ ದೋಷವೆಂದರೆ ಬೇಸ್‌ಬಾಲ್. ಪಾರ್ಸೆಲ್ ತರಲು ಹೋದರೆ ಅಮೆರಿಕದ ಲೀಗುಗಳ ಮರೆಯಲಾಗದ ಕ್ಷಣ ಒಂದನ್ನಾದರೂ ಕೇಳದೆ ಬಾಗಿಲು ದಾಟುವಂತಿಲ್ಲ. ಗೆದ್ದೇಬಿಟ್ಟೆವು ಅನ್ನುವಾಗ ಸುಲಭದ ಚೆಂಡೊಂದು ಫೀಲ್ಡರನ ಕಾಲಸಂದಿಯಲ್ಲಿ ನುಸುಳಿ ಹೋದದ್ದು, ಇನ್ಯಾವನೋ ಮಹಾಶಯ ಮೊದಲೇ ಬೆರಳು ತೋರಿಸಿ ಅತ್ತಲೇ ಚೆಂಡು ಹೊಡೆದದ್ದು. ಅವನು ನಿಜಕ್ಕೂ ಬೆರಳು ತೋರಿಸಿದ್ದನೇ ಇಲ್ಲವೇ ಎಂಬ ವಾದ ಮುಗಿಯುವಷ್ಟರಲ್ಲಿ ನಮ್ಮ ಮನೆಯಲ್ಲಿ ಎರಡು ಸಲ ಹಾಲು ಉಕ್ಕಿ ಪಾತ್ರೆ ಸೀದಿದೆ.

ಇಂಥ ವಿಮ್‌ಗೆ ಬಾಳಿನಲ್ಲಿ ಒಂದೇ ಆಸೆ. ಬೇಲಿ ದಾಟಿ ಬರುವ ಹೊಡೆತ, ಅಂದರೆ ನಮ್ಮ ಸಿಕ್ಸರಿನ ದಾಯಾದಿಯಾದ ಹೋಮ್ ರನ್, ಅದರ ಚೆಂಡನ್ನು ಒಮ್ಮೆ ತಾವೇ ಹಿಡಿಯಬೇಕು. ಅದಕ್ಕೆಂದೇ ನಲವತ್ತು ವರ್ಷಗಳಿಂದ ಮೈದಾನದ ಬೇಲಿಯಾಚೆ ಮಡಚುವ ಕುರ್ಚಿ ಹಾಕಿ, ಎಡಗೈಗೆ ಚರ್ಮದ ಗ್ಲೌಸ್ ತೊಟ್ಟು ಕೂರುತ್ತಿದ್ದಾರೆ. ಒಂದೂ ಸಿಕ್ಕಿಲ್ಲ. ಈ ಬೇಸಿಗೆಯಲ್ಲಿ ಅವರ ಮೆಚ್ಚಿನ ಆಟಗಾರನ ವಿದಾಯದ ಪಂದ್ಯವಿತ್ತು. ಅಮೆರಿಕದಲ್ಲಿ ವೃತ್ತಿಪರನಾಗಿ ಆಡಿ, ಮಂಡಿ ಸವೆದ ಮೇಲೆ ತವರಿಗೆ ಮರಳಿದವನು. "ನೀನೂ ಬಾ" ಎಂದರು ವಿಮ್. ನಾನು ಹೋಗಬಾರದಿತ್ತು.

ಮೂರು ಗಂಟೆ ಏನೂ ಆಗಲಿಲ್ಲ. ಏನೂ ಆಗದಿರುವುದೇ ಈ ಆಟದ ಸೊಗಸು ಎಂದು ವಿಮ್ ವಿವರಿಸುತ್ತಿದ್ದರು, ನಾನು ತೂಕಡಿಸುತ್ತಿದ್ದೆ. ಆಗ ಟಕ್ಕೆಂದು ಸದ್ದಾಯಿತು. ಆ ಆಟಗಾರನ ಕೊನೆಯ ಹೊಡೆತ. ಚೆಂಡು ಮೇಲೇರಿ, ಬೇಲಿ ದಾಟಿ, ನೇರ ನಮ್ಮತ್ತಲೇ ಇಳಿಯತೊಡಗಿತು. ವಿಮ್ ಎದ್ದು ಗ್ಲೌಸ್ ಎತ್ತಿದರು. ಹುಟ್ಟಾ ಕ್ಯಾಚ್ ಬಿಡುವ ನಾನು, ಮೈಸೂರಿನ ಬೀದಿಯಲ್ಲಿ ಕೊನೆಯವನಾಗಿ ಆಯ್ಕೆಯಾಗುತ್ತಿದ್ದ ನಾನು, ಅವರ ಮೂಗಿನ ಮುಂದೆ ಹಾರಿ ಅದನ್ನು ಬರಿಗೈಯಲ್ಲಿ ಹಿಡಿದುಬಿಟ್ಟೆ! ಅಲ್ಲಿಗೇ ನಿಲ್ಲಿಸಿದ್ದರೆ ಆಗುತ್ತಿತ್ತು. ಚೆಂಡನ್ನು ವಾಪಸು ಕೊಡದ ಮನೆಯವರನ್ನು ಮನುಷ್ಯರೆಂದೇ ಲೆಕ್ಕಿಸದ ಬೀದಿಯಲ್ಲಿ ಬೆಳೆದವನು ನಾನು. ಒಂದು ಕ್ಷಣವೂ ತಡಮಾಡದೆ, ಬೀಸಿ ಮೈದಾನದೊಳಕ್ಕೆ ಎಸೆದೆ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಉರಿಯುವ ಅಂಗೈಯನ್ನು ಉಫ್ ಉಫ್ ಎಂದು ಊದಿಕೊಳ್ಳುತ್ತಿದ್ದ ನನಗೆ, ಹಿಂದೆ ಕೂತಿದ್ದ ಹೆಂಗಸು ಮಗುವಿಗೆ ತಿಳಿಹೇಳುವ ದನಿಯಲ್ಲಿ ಹೇಳಿದಳು: ಈ ಆಟದಲ್ಲಿ ಆಚೆ ಬಂದ ಚೆಂಡು ಹಿಡಿದವನದೇ, ಹೋಮ್ ರನ್ ಚೆಂಡನ್ನು ಹಿಂದಕ್ಕೆಸೆಯುವುದೆಂದರೆ ಹೊಡೆದವನಿಗೆ ಅವಮಾನ ಮಾಡಿದಂತೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಆ ಪೂಜಾರಿ ನಾನು. ವಿಮ್ ಗ್ಲೌಸ್ ಕಳಚಿ ಚೀಲಕ್ಕೆ ಹಾಕಿದರು.

"ಎಂತ ಮಾರಾಯ್ರೆ, ಕೈ ಸುಮ್ಮನೆ ಇಡ್ಲಿಕ್ಕೆ ಆಗುದಿಲ್ವಾ ನಿಮಗೆ?" ಎಂದಳು, ಮನೆಗೆ ಬಂದು ನಡೆದದ್ದನ್ನು ಹೇಳಿದಾಗ, ಉಡುಪಿಯವಳಾದ ನನ್ನ ಹೆಂಡತಿ. "ಸೋ ಎಂಬರಾಸಿಂಗ್, ಅಪ್ಪ" ಎಂದಳು ಮಗಳು. ಮರುವಾರ ಪಾರ್ಸೆಲ್ ತರಲು ಹೋದರೆ ವಿಮ್ ಅದನ್ನು ಕೈಗಿಟ್ಟು ಬಾಗಿಲು ಹಾಕಿಕೊಂಡರು. ಒಂದು ಮರೆಯಲಾಗದ ಕ್ಷಣವೂ ಇಲ್ಲ! ಎಷ್ಟೋ ದಿನ ಬೇಡಿಕೊಂಡಿದ್ದ ಮೌನ ಕಡೆಗೂ ಸಿಕ್ಕಿತ್ತು. ಎರಡು ವಾರ ಅನುಭವಿಸುವಷ್ಟರಲ್ಲಿ ನನಗೆ ಅಳುವೇ ಬಂತು.

ಶನಿವಾರ ಸೈಕಲ್ ತುಳಿದು ಆ ಮೈದಾನದ ಕ್ಲಬ್ಬಿಗೆ ಹೋದೆ. ಆ ಚೆಂಡು ಬೇಕಿತ್ತು ಎಂದೆ. ಅಲ್ಲಿದ್ದವನು ಒಂದು ಬುಟ್ಟಿ ತೋರಿಸಿದ. ಎಲ್ಲವೂ ಒಂದೇ ಥರದ ಮಾಸಲು ಚೆಂಡುಗಳು. "ಯಾವುದಾದರೂ ತಗೋ" ಎಂದ. ಐತಿಹಾಸಿಕವಾಗಿ ಕಾಣುವಷ್ಟು ಕೊಳೆಯಾದದ್ದನ್ನು ಆರಿಸಿದೆ. ಮನೆಗೆ ತಂದುಕೊಟ್ಟರೆ ವಿಮ್ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಇದೇನಾ?" ಎಂದರು. "ದೇವರಾಣೆ, ಇದೇ. ಹೊಲಿಗೆಯ ಗುರುತು ಹಿಡಿದೆ" ಎಂದೆ. ಸುಳ್ಳಿಗೆ ಇಷ್ಟು ವಿವರ ಬೇಕಿರಲಿಲ್ಲ.

ವಿಮ್ ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. "ನೀನು ಎಸೆದ ಚೆಂಡನ್ನು ಆ ಆಟಗಾರನೇ ಎತ್ತಿ ಜೇಬಿಗಿಳಿಸಿದ. ನಾನು ನೋಡಿದೆ. ನೀನು ಕೈ ಊದಿಕೊಳ್ಳುತ್ತಿದ್ದೆ" ಎಂದರು. ನಾನು ಭೂಮಿಗಿಳಿದು ಹೋದೆ. ಅವರು ಚೆಂಡನ್ನು ಗಾಜಿನ ಬೀರುವಿನಲ್ಲಿಟ್ಟು, ಮೇಷ್ಟ್ರ ಅಂದದ ಅಕ್ಷರಗಳಲ್ಲಿ ಚೀಟಿ ಬರೆದು ಒರಗಿಸಿದರು: 'ಇದು ಆ ಚೆಂಡಲ್ಲ. ನೆರೆಯವನು ಇದೇ ಎಂದು ಆಣೆಯಿಟ್ಟ ಚೆಂಡು.' ಈಗ ಅವರ ಮನೆಗೆ ಯಾರೇ ಬರಲಿ, ಕಾಫಿಗಿಂತ ಮೊದಲು ಈ ಕಥೆ. ಆಮೇಲೆ ಗೋಡೆ ತಟ್ಟಿ ನನ್ನನ್ನೂ ಕರೆಯುತ್ತಾರೆ, ಸಾಕ್ಷಿ ಹೇಳಲು. ತಲೆಚಿಟ್ಟು ಹಿಡಿದು ಹೋಗಿದೆ.

ಮೊನ್ನೆ ಹೋದಾಗ ಯಾರೋ ತಂದುಕೊಟ್ಟ ಟ್ಯುಲಿಪ್ ಕುಂಡವೊಂದು ಬೀರುವಿನ ಮುಂದೆ ಕೂತು ಚೆಂಡು, ಚೀಟಿ ಎರಡೂ ಕಾಣದಂತಾಗಿತ್ತು. ವಿಮ್ ಒಳಗೆ ಕಾಫಿ ಸೋಸುತ್ತಿದ್ದರು. ನಾನು ಅತ್ತಿತ್ತ ನೋಡಿ ಕುಂಡವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದೆ.